ಸುಟ್ಟ ಕಾವಲಿನಲ್ಲಿ ಗುಂಡಿ ತೋಡುವ ಮುಂಚೆ

ಅರಣ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಗಿಡ ನೆಡಿಸುವ ಕಂಪನಿಗಳ ಸಿಎಸ್‌ಆರ್ (ಸಮಾಜಸೇವೆ) ವಿಭಾಗದವರಿಗೆ, ಮಳೆಗಾಲದ ಶನಿವಾರ ಬೆಳಿಗ್ಗೆ ಬಸ್ ಹತ್ತಿ ಹೊರಡುವ ಬೆಂಗಳೂರಿನ ಎಲ್ಲ ಒಳ್ಳೆಯ ಮನಸ್ಸಿನವರಿಗೆ,

ನಮಸ್ಕಾರ.

ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ವಿಜ್ಞಾನಿ ಅಲ್ಲ, ಸಹಾಯಕ. ರೈತರು ಬಟ್ಟೆ ಚೀಲದಲ್ಲಿ ತಂದ ಮಣ್ಣನ್ನು ನೆರಳಲ್ಲಿ ಹರವಿ ಒಣಗಿಸುವುದು, ಮರದ ಕೊಡತಿಯಲ್ಲಿ ಹೆಂಟೆ ಒಡೆಯುವುದು, ಜರಡಿ ಹಿಡಿಯುವುದು, ಆಮೇಲೆ ತೂಗಿ ಗಾಜಿನ ಫ್ಲಾಸ್ಕಿಗೆ ಹಾಕುವುದು. ಇದು ನನ್ನ ಕೆಲಸವಾಗಿತ್ತು. ಇದರಲ್ಲಿ ಮೊದಲ ಕೆಲಸ ಏನು ಗೊತ್ತಾ? ಬೇರು ಆರಿಸಿ ಎಸೆಯುವುದು. ಕಲ್ಲು, ಕಸ, ಬೇರು, ಎಲ್ಲಾ ಒಂದೇ ಬುಟ್ಟಿಗೆ. ಬೇರು ಉಳಿದರೆ ಲೆಕ್ಕ ಕೆಡುತ್ತದೆ ಎಂದು ನಮ್ಮ ಸಾಹೇಬರು ಹೇಳಿಕೊಟ್ಟಿದ್ದರು. ಗದ್ದೆಯ ಮಣ್ಣಿಗೆ ಅದು ಸರಿಯೇ. ಆದರೆ ಎಷ್ಟು ಬುಟ್ಟಿ ಬೇರು ಎಸೆದಿದ್ದೇನೋ ಅಂತ ಈಗ ಯೋಚಿಸಿದರೆ ನಗು ಬರುತ್ತದೆ. ಯಾಕೆಂದರೆ ಈ ಪತ್ರ ಬರೆಯುತ್ತಿರುವುದೇ ಬೇರಿನ ಪರವಾಗಿ.

ವಿಷಯಕ್ಕೆ ಬರುತ್ತೇನೆ.

ನಾನಿರುವುದು ನಗರದ ಉತ್ತರಕ್ಕೆ, ಯಲಹಂಕದ ಕಡೆ. ಒಂದು ಮಾರ್ಚ್ ತಿಂಗಳಲ್ಲಿ ನಮ್ಮ ಬೆಳಗಿನ ವಾಕಿಂಗ್ ಗುಂಪಿನ ವಾಟ್ಸಾಪ್‌ನಲ್ಲಿ ಫೋಟೋ ಬಂದವು. ಊರಾಚೆಯ ಒಂದು ಕಾವಲಿಗೆ, ಅಂದರೆ ಹುಲ್ಲುಗಾವಲಿಗೆ, ಬೆಂಕಿ ಬಿದ್ದಿತ್ತು. 'ಎಲ್ಲಾ ಬೂದಿ', 'ಕಾಡು ಸತ್ತೋಯ್ತು', ಅಳುವ ಮುಖದ ಚಿತ್ರಗಳು. ಜಾಗದ ಹೆಸರು ಇಲ್ಲಿ ಬೇಡ. ಮೂರನೇ ದಿನ ಪಕ್ಕದ ಮನೆಯವರ ಸ್ಕೂಟರ್ ತಗೊಂಡು ಹೋದೆ. ಹಳೆ ಚಟ, ಜೊತೆಗೆ ಒಂದು ಕೈಗುದ್ದಲಿ ಇತ್ತು.

ನೋಡಿದರೆ ಕಪ್ಪು ಬಯಲು. ನಡೆದರೆ ಚಪ್ಪಲಿ ಕೆಳಗೆ ಕರಕಲು ಮುರಿಯುವ ಸದ್ದು. ಕೂತು ಬೂದಿ ಕೆರೆದೆ. ಉಗುರಿನ ದಪ್ಪವೂ ಇರಲಿಲ್ಲ. ಕೆಳಗೆ ನಮ್ಮದೇ ಕೆಂಪು ಮಣ್ಣು, ಬಣ್ಣ ಹೋಗಿರಲಿಲ್ಲ. ಒಂದು ಹುಲ್ಲಿನ ಬುಡ ಹಿಡಿದೆ. ಕಪ್ಪು ಶೇವಿಂಗ್ ಬ್ರಷ್ ಥರ ಇತ್ತು, ನೆತ್ತಿ ಪೂರ್ತಿ ಸುಟ್ಟಿತ್ತು. ಎರಡು ಹೆಬ್ಬೆರಳಿಂದ ನಡುವೆ ಬಿಡಿಸಿದೆ. ಒಳಗೆ ಅಕ್ಕಿಕಾಳಿನಷ್ಟು ಹಸಿರು ಮೊಳಕೆ! ಒಂದಲ್ಲ, ನಾಲ್ಕೈದು. ಬುಡದ ಪಕ್ಕ ಒಂದು ಗೇಣು ಅಗೆದು ಒಂದು ಬೇರು ಎಳೆದೆ. ಉಗುರಲ್ಲಿ ಕೆರೆದರೆ ಬೆಳ್ಳಗೆ, ಸ್ವಲ್ಪ ಪಸೆ ಕೂಡ. ಪಕ್ಕದಲ್ಲೇ ಇರುವೆ ಗೂಡು. ಇರುವೆಗಳು ಏನೂ ಆಗಿಲ್ಲ ಅನ್ನುವ ಹಾಗೆ ಮಣ್ಣು ಹೊರಹಾಕುತ್ತಿದ್ದವು. ನನ್ನ ಹೊರತು ಅಲ್ಲಿ ಯಾರೂ ಅಳುವ ಮುಖ ಹಾಕಿಕೊಂಡಿರಲಿಲ್ಲ.

ಭರಣಿ ಮಳೆ ಒಂದು ಹದ ಬಿದ್ದ ಮೇಲೆ ಮತ್ತೆ ಹೋದೆ. ಇಡೀ ಬಯಲು ಗಿಳಿಹಸಿರು.

ಇದಾಗಿ ಜೂನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ, 'ಅಂಕಲ್, ಬೆಂಕಿ ಬಿದ್ದ ಜಾಗದಲ್ಲಿ ನಮ್ಮ ಕಂಪನಿ ಗಿಡ ನೆಡ್ತಾ ಇದೆ, ನೀವು ಮಣ್ಣಿನವರು, ಬನ್ನಿ' ಅಂದ. ಹೋದೆ. ಬ್ಯಾನರ್, ಟೋಪಿ, ಇಡ್ಲಿ-ವಡೆ ಪೊಟ್ಟಣ ಎಲ್ಲಾ ಚೆನ್ನಾಗಿತ್ತು. ಹಿಂದಿನ ದಿನವೇ ಜೆಸಿಬಿ ಬಂದು ಸಾಲಾಗಿ ಗುಂಡಿ ತೋಡಿತ್ತು, ಒಂದೂವರೆ ಅಡಿ ಉದ್ದ, ಅಗಲ, ಆಳ. ಗುಂಡಿಯ ಪಕ್ಕ ಗುಡ್ಡೆ ಹಾಕಿದ್ದ ಮಣ್ಣಿನಲ್ಲಿ ತುಂಬಾ ಬೇರು, ತಲೆಗೂದಲಿನ ಗಂಟಿನ ಹಾಗೆ. ಮಾರ್ಚ್‌ನ ಬೆಂಕಿಗೆ ಸಾಯದ ಹುಲ್ಲಿನ ಬುಡಗಳು ತಲೆಕೆಳಗಾಗಿ ಬಿದ್ದಿದ್ದವು. ಒಬ್ಬಳು ಹುಡುಗಿ ಅದನ್ನು ಕೈಯಲ್ಲಿ ಹಿಡಿದು, 'ಅಂಕಲ್, ಇದೆಲ್ಲಾ ವೇಸ್ಟ್ ಅಲ್ವಾ? ಎಲ್ಲಿ ಹಾಕ್ಲಿ?' ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 'ಅಲ್ಲೇ ಇರಲಿ ಬಿಡಮ್ಮ' ಅಂದೆ. ಗಿಡವನ್ನೂ ನೆಟ್ಟೆ. ಅವತ್ತು ಸುಮ್ನೆ ಇದ್ದದ್ದು ನನ್ನ ತಪ್ಪು. ಆ ಮಗುವಿಗೆ ಹೇಳಬೇಕಿದ್ದ ಉತ್ತರವನ್ನೇ ಈಗ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಮಾಗಡಿ ಕಡೆಯ ನಮ್ಮಜ್ಜ ಕುರಿ ಕಾದವರು. 'ಸುಟ್ರೆ ಹುಲ್ಲು ಸಾಯಾಕಿಲ್ಲ ಕಣ್ಲಾ, ಬುಡ ಕಿತ್ರೆ ಸಾಯ್ತದೆ' ಅನ್ನುತ್ತಿದ್ದರು. ಲ್ಯಾಬು ಸೇರಿದ ಮೇಲೆ ಅಜ್ಜನ ಮಾತು ಮರೆತಿದ್ದೆ. ಓದಿದವರ ಜೊತೆ ಇದ್ದರೆ ಹೀಗೇ ಆಗುವುದು.

ಕೆಂಡ ಹಾಯುವವರನ್ನು ನೀವು ನೋಡಿರುತ್ತೀರಿ. ನಡೆದು ಹೋಗುವವರ ಕಾಲು ಸುಡುವುದಿಲ್ಲ, ನಿಂತವರ ಕಾಲು ಸುಡುತ್ತದೆ. ಹುಲ್ಲಿನ ಬೆಂಕಿಯೂ ಹಾಗೇ, ನಡೆದು ಹೋಗುವ ಬೆಂಕಿ. ಒಣಹುಲ್ಲು ತೆಳು, ಭರ್ರೆಂದು ಹೊತ್ತಿಕೊಂಡು ಮುಂದೆ ಸಾಗುತ್ತದೆ. ಬಿಸಿಯ ಬಹುಪಾಲು ಮೇಲಕ್ಕೆ ಹೋಗುತ್ತದೆ. ಮಣ್ಣು ಬಿಸಿಯನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ಎರಡು ಬೆರಳು ಕೆಳಗೆ ಹೋದರೆ ಬಿಸಿ ಏರುವುದು ತೀರ ಕಡಿಮೆ. ಹುಲ್ಲಿನ ಕಣ್ಣು, ಅಂದರೆ ಮತ್ತೆ ಚಿಗುರುವ ಮೊಗ್ಗು, ಇರುವುದು ನೆಲದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗೆ, ಹಳೆ ಎಲೆಗಳ ಒರೆಯೊಳಗೆ. ಆದ್ದರಿಂದ ಅದು ಉಳಿದುಕೊಳ್ಳುತ್ತದೆ. ಇದೇ ಜಾಗದಲ್ಲಿ ಒಣಗಿದ ದಿಮ್ಮಿಯೋ, ಲಂಟಾನ ಎಂಬ ಕಳೆಯ ಪೊದೆಯೋ ಇದ್ದರೆ ಕಥೆ ಬೇರೆ. ಅದು ನಿಂತು ಉರಿಯುವ ಬೆಂಕಿ. ಕೆಳಗಿನ ಮಣ್ಣು ಇಟ್ಟಿಗೆಯ ಹಾಗೆ ಬೇಯುತ್ತದೆ, ಬೇರು, ಬೀಜ ಎಲ್ಲಾ ಹೋಗುತ್ತದೆ. ಬೆಂಕಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ನಮ್ಮ ಪೇಪರು, ಟಿವಿಗಳಲ್ಲಿ ಎರಡಕ್ಕೂ ಒಂದೇ ಹೆಡ್‌ಲೈನ್.

ಈಗ ಇಂಗಾಲದ ಮಾತು. ಗಿಡ ನೆಡುವವರೆಲ್ಲರೂ ಕಾರ್ಬನ್, ಕಾರ್ಬನ್ ಅನ್ನುತ್ತೀರಿ. ಸಂತೋಷ. ಆದರೆ ಕಾರ್ಬನ್ ಎಲ್ಲಿದೆ ಅಂತ ನೋಡಿ. ಜಗತ್ತಿನ ಮಣ್ಣಿನ ಮೇಲಿನ ಒಂದು ಮೀಟರ್‌ನಲ್ಲೇ ಸುಮಾರು 1,500 ಶತಕೋಟಿ ಟನ್ ಇಂಗಾಲ ಇದೆ. ಇಡೀ ಗಾಳಿಯಲ್ಲಿರುವುದಕ್ಕಿಂತ ಜಾಸ್ತಿ. ಮರ-ಹುಲ್ಲು ಎರಡೂ ಬೆರೆತ ಬಯಲನ್ನು ಹೊರಗಿನವರು ಸವನ್ನಾ ಅನ್ನುತ್ತಾರೆ. ಭೂಮಿಯ ನೆಲದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಂಥದ್ದು. ಇಲ್ಲಿ ಇಂಗಾಲದ ಹೆಚ್ಚಿನ ಪಾಲು ಇರುವುದು ಕಣ್ಣಿಗೆ ಕಾಣುವ ಜಾಗದಲ್ಲಲ್ಲ, ನೆಲದ ಕೆಳಗೆ. ಹುಲ್ಲಿಗೆ ಅದರ ಬುದ್ಧಿ ಇದೆ. ಮೇಲೆ ಇಟ್ಟದ್ದು ಕುರಿ ತಿನ್ನುತ್ತದೆ, ಇಲ್ಲ ಬೆಂಕಿ ತಿನ್ನುತ್ತದೆ ಎಂದು ಅದಕ್ಕೆ ಗೊತ್ತು. ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದ ಹಾಗೆ, ಅದು ಗಳಿಕೆಯಲ್ಲಿ ದೊಡ್ಡ ಪಾಲನ್ನು ಕೆಳಗೆ ಬಚ್ಚಿಡುತ್ತದೆ.

ಆ ಡಬ್ಬಿಯ ದುಡ್ಡು ಮಣ್ಣಿನದಾಗುವುದು ಹೀಗೆ. ಸಣ್ಣ ಬೇರುಗಳು ಸಾಯುತ್ತಲೇ ಇರುತ್ತವೆ, ಹೊಸದು ಹುಟ್ಟುತ್ತಲೇ ಇರುತ್ತವೆ. ಜೀವಂತ ಬೇರೂ ಸುಮ್ಮನಿರುವುದಿಲ್ಲ, ಸಕ್ಕರೆಯಂಥ ರಸ ಜಿನುಗಿಸುತ್ತದೆ. ಅದನ್ನು ಶಿಲೀಂಧ್ರಗಳು, ಸೂಕ್ಷ್ಮಜೀವಿಗಳು ತಿಂದು, ಸತ್ತು, ಜೇಡಿಯ ಕಣಕ್ಕೆ ಅಂಟಿಕೊಳ್ಳುತ್ತವೆ. ಹೀಗೆ ಅಂಟಿದ ಇಂಗಾಲ ಮಣ್ಣಿನ ಹರಳುಗಳ ಒಳಗೆ ದಶಕಗಟ್ಟಲೆ, ಕೆಲವು ಸಲ ಶತಮಾನಗಟ್ಟಲೆ ಕೂತಿರುತ್ತದೆ. ಮೇಲೆ ಬಿದ್ದ ಎಲೆಗಿಂತ ಒಳಗೆ ಸತ್ತ ಬೇರು ಮಣ್ಣಿನಲ್ಲಿ ಜಾಸ್ತಿ ಕಾಲ ಉಳಿಯುತ್ತದೆ. ಎಲೆ ಬೆಂಕಿಗೂ ಗೆದ್ದಲಿಗೂ ಸುಲಭದ ತುತ್ತು ಅಲ್ವಾ?

ಒಂದು ಸ್ವಾರಸ್ಯ ಹೇಳಿಬಿಡುತ್ತೇನೆ. ಬಿಸಿಲು ನಾಡಿನ ಈ ಹುಲ್ಲುಗಳು ನಮ್ಮ ರಾಗಿ, ಜೋಳ, ಕಬ್ಬಿನ ಪಂಗಡದವು. ಬಿಸಿಲಲ್ಲಿ ಇಂಗಾಲ ಹಿಡಿಯುವ ಅವುಗಳ ವಿಧಾನ ಮರಗಳದ್ದಕ್ಕಿಂತ ಬೇರೆ. ಅದರಿಂದ ಅವುಗಳ ದೇಹದಲ್ಲಿ ಇಂಗಾಲ-13 ಎಂಬ ತುಸು ಭಾರದ ಇಂಗಾಲ ಸ್ವಲ್ಪ ಜಾಸ್ತಿ ಇರುತ್ತದೆ. ಹಾಗಾಗಿ ಮಣ್ಣಿನ ಒಂದು ಚಿಟಿಕೆ ನೋಡಿ, 'ಇದು ಹುಲ್ಲಿನಿಂದ ಬಂದ ಇಂಗಾಲ, ಇದು ಮರದಿಂದ ಬಂದದ್ದು' ಎಂದು ಬೇರೆ ಮಾಡಬಹುದು. ಈಗ ಮರ ನಿಂತಿರುವ ಜಾಗದ ಮಣ್ಣಿನ ಆಳದಲ್ಲಿ ಹಳೇ ಹುಲ್ಲಿನ ಗುರುತು ಸಿಗುವುದೂ ಉಂಟು. ಮಣ್ಣು ಊರಿನ ಶಾನುಭೋಗರಿದ್ದ ಹಾಗೆ, ಹಳೇ ಕಡತ ಎಸೆಯುವುದಿಲ್ಲ.

ಹಾಗಾದರೆ ಬೆಂಕಿ ಈ ಡಬ್ಬಿಗೆ ಏನು ಮಾಡುತ್ತದೆ? ಇಲ್ಲಿ ಉತ್ತರ ಸರಳವಾಗಿಲ್ಲ. ಸರಳ ಮಾಡಿ ಹೇಳುವವರನ್ನು ನಂಬಬೇಡಿ.

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ 1954ರಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಒಂದೊಂದೂ ಸುಮಾರು 7 ಹೆಕ್ಟೇರ್‌ನ ತಾಕುಗಳು. ಕೆಲವನ್ನು ಪ್ರತಿ ವರ್ಷ ಸುಡುವುದು, ಕೆಲವನ್ನು ಎರಡು ವರ್ಷಕ್ಕೆ, ಮೂರು ವರ್ಷಕ್ಕೆ ಒಮ್ಮೆ. ಕೆಲವಕ್ಕೆ ಬೆಂಕಿಯನ್ನು ಸೋಕಿಸುವಂತೆಯೇ ಇಲ್ಲ. ಸುಡುವ ಋತುವೂ ಬೇರೆ ಬೇರೆ. ಸರ್ಕಾರಗಳು ಬದಲಾದವು, ದೇಶದ ಗತಿಯೇ ಬದಲಾಯಿತು, ಪ್ರಯೋಗ ಮಾತ್ರ ನಿಲ್ಲಲಿಲ್ಲ. ನನಗೆ ಇದೇ ದೊಡ್ಡ ಸಂಗತಿ. ನಮ್ಮಲ್ಲಿ ಸಾಹೇಬರು ವರ್ಗವಾದರೆ ಲ್ಯಾಬಿನ ಫೈಲೂ ಮಾಯ!

ಅಲ್ಲಿಯ ಲೆಕ್ಕ 2022ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. 68 ವರ್ಷ ಬೆಂಕಿ ಬೀಳದ ಹಾಗೆ ಕಾದರೂ, ಮರ, ಹುಲ್ಲು, ಬೇರು, ಮಣ್ಣು ಎಲ್ಲಾ ಸೇರಿ ಇಂಗಾಲ ಹೆಚ್ಚಿದ್ದು ಸುಮಾರು 35% ಮಾತ್ರ. ಹೆಚ್ಚಾಗಲಿಲ್ಲ ಅಂತಲ್ಲ, ಹೆಚ್ಚಾಯಿತು. ಆದರೆ ಬೆಂಕಿ ನಿಲ್ಲಿಸಿದರೆ ಸಾಕು, ಇಂಗಾಲ ರಾಶಿ ಬೀಳುತ್ತದೆ ಎಂದುಕೊಂಡವರಿಗೆ ಇದು ತೀರಾ ಸಣ್ಣ ಮೊತ್ತ. ಮರ ಬಂದು ನೆರಳಾದ ಕಡೆ ಹುಲ್ಲು ಸೊರಗುತ್ತದೆ. ಹುಲ್ಲು ಸೊರಗಿದರೆ ಕೆಳಗೆ ಅದರ ಬೇರಿನ ಗಳಿಕೆಯೂ ಸೊರಗುತ್ತದೆ. ಒಂದು ಕೈಯಲ್ಲಿ ಬಂದದ್ದರಲ್ಲಿ ಸ್ವಲ್ಪ ಇನ್ನೊಂದು ಕೈಯಲ್ಲಿ ಹೋಗುತ್ತದೆ.

ಇದನ್ನು ಓದಿ 'ಹಾಗಾದರೆ ಬೆಂಕಿ ಇಡೋಣ' ಎಂದು ಹೊರಡಬೇಡಿ. ಇನ್ನೊಂದು ಲೆಕ್ಕವೂ ಇದೆ, 2018ರಲ್ಲಿ ಅದೇ ಪತ್ರಿಕೆಯಲ್ಲಿ ಬಂದದ್ದು. ಜಗತ್ತಿನ 48 ಜಾಗಗಳ ದೀರ್ಘಕಾಲದ ಬೆಂಕಿ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ಸವನ್ನಾ ಹುಲ್ಲುಗಾವಲು ಮತ್ತು ಅಗಲ ಎಲೆಯ ಕಾಡುಗಳಲ್ಲಿ, ಮತ್ತೆ ಮತ್ತೆ ಸುಟ್ಟ ಜಾಗದ ಮೇಲ್ಮಣ್ಣಿನಲ್ಲಿ 64 ವರ್ಷದ ಹೊತ್ತಿಗೆ ಇಂಗಾಲ 36%, ಸಾರಜನಕ 38% ಕಡಿಮೆ. ಒಂದು ಬೆಂಕಿಯಲ್ಲಿ ಇದು ಕಾಣುವುದಿಲ್ಲ, ಹತ್ತು ವರ್ಷದಲ್ಲೂ ಸರಿಯಾಗಿ ಕಾಣುವುದಿಲ್ಲ. ನಿಧಾನಕ್ಕೆ ಕರಗುತ್ತಾ ಹೋಗುತ್ತದೆ. ಕಾರಣ ಕಷ್ಟದ್ದೇನಲ್ಲ. ಹುಲ್ಲು ಸುಟ್ಟಾಗ ಪೊಟ್ಯಾಷ್, ಸುಣ್ಣ, ರಂಜಕ ಹೆಚ್ಚಾಗಿ ಬೂದಿಯಲ್ಲೇ ಉಳಿಯುತ್ತವೆ. ಸಾರಜನಕ ಹೊಗೆಯ ಜೊತೆ ಹಾರಿಹೋಗುತ್ತದೆ. ಪ್ರತಿ ವರ್ಷ ಹೀಗೆ ಹಾರುತ್ತಾ ಹೋದರೆ ಗಿಡಕ್ಕೆ ಬೆಳೆಯಲು ಬಂಡವಾಳ ಸಾಲುವುದಿಲ್ಲ. ಬೆಳೆ ಕಡಿಮೆಯಾದರೆ ಬೇರು ಕಡಿಮೆ, ಬೇರು ಕಡಿಮೆಯಾದರೆ ಡಬ್ಬಿಗೆ ಬೀಳುವ ಕಾಸೂ ಕಡಿಮೆ. ಬೆಂಕಿ ಬೇರನ್ನು ನೇರವಾಗಿ ಸುಡುವುದಿಲ್ಲ, ಹೊಟ್ಟೆಗೆ ಕಡಿಮೆ ಮಾಡಿ ಸೊರಗಿಸುತ್ತದೆ.

ಎರಡು ಲೆಕ್ಕ ಜಗಳ ಆಡುತ್ತಿವೆ ಅಂತ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಒಂದು ಹೇಳುವುದು: ವರ್ಷ ವರ್ಷ ಸುಟ್ಟರೆ ನಷ್ಟ. ಇನ್ನೊಂದು ಹೇಳುವುದು: ಬೆಂಕಿಯನ್ನು ಪೂರ್ತಿ ನಿಲ್ಲಿಸಿದರೆ ಅಂಥಾ ಭಾರಿ ಲಾಭವೂ ಇಲ್ಲ, ಮೇಲಾಗಿ ಬಯಲೇ ಬಯಲಾಗಿ ಉಳಿಯುವುದಿಲ್ಲ. ಜೇಡಿಯ ಮಣ್ಣಿಗೂ ಮರಳು ಮಣ್ಣಿಗೂ, ಜಾಸ್ತಿ ಮಳೆಗೂ ಕಡಿಮೆ ಮಳೆಗೂ ಲೆಕ್ಕ ಬೇರೆಯಾಗುತ್ತದೆ. ನಮ್ಮದೇ ನೆಲದ ಲೆಕ್ಕ ನಾವೇ ಹಾಕಬೇಕು.

ಲೆಕ್ಕ ಹಾಕುವುದರಲ್ಲೂ ಒಂದು ತೊಡಕಿದೆ. ಇದು ನನ್ನ ಹೊಟ್ಟೆಪಾಡಿನ ವಿಷಯವಾದ್ದರಿಂದ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ. ನಮ್ಮ ಲ್ಯಾಬುಗಳಲ್ಲಿ ಸಾವಯವ ಇಂಗಾಲ ನೋಡುವುದು ಹೆಚ್ಚಾಗಿ ವಾಕ್ಲೇ-ಬ್ಲ್ಯಾಕ್ ವಿಧಾನದಲ್ಲಿ. 1934ರದ್ದು. ಮಣ್ಣಿಗೆ ಕಿತ್ತಳೆ ಬಣ್ಣದ ಡೈಕ್ರೋಮೇಟ್ ಹಾಕಿ, ಮೇಲೆ ಗಂಧಕಾಮ್ಲ ಸುರಿದು ಅರ್ಧ ಗಂಟೆ ಬಿಡುವುದು. ಫ್ಲಾಸ್ಕ್ ಕೈ ಸುಡುವಷ್ಟು ಬಿಸಿಯಾಗುತ್ತದೆ. ಆಮೇಲೆ ಬ್ಯುರೆಟ್‌ನಿಂದ ಹನಿ ಹನಿ ಬಿಡುತ್ತಾ ಹೋದರೆ ನೀಲಿ-ನೇರಳೆ ಇದ್ದದ್ದು ಒಂದೇ ಹನಿಗೆ ಹಸಿರಾಗುತ್ತದೆ. ಆ ಹಸಿರು ನೋಡುವ ಖುಷಿ ಮೂವತ್ತು ವರ್ಷವಾದರೂ ಹೋಗಲಿಲ್ಲ. 0.5% ಗಿಂತ ಕೆಳಗಿದ್ದರೆ ಕಡಿಮೆ, 0.75% ದಾಟಿದರೆ ಜಾಸ್ತಿ ಎಂದು ಕಾರ್ಡಿನಲ್ಲಿ ಬರೆಯುತ್ತಿದ್ದೆವು.

ಆದರೆ ಈ ವಿಧಾನ ಇಂಗಾಲವನ್ನು ಪೂರ್ತಿ ಹಿಡಿಯುವುದಿಲ್ಲ. ಸುಮಾರು 77% ಸಿಗುತ್ತದೆ ಎಂದು ಇಟ್ಟುಕೊಂಡು, 1.3ರಿಂದ ಗುಣಿಸಿ ಸರಿ ಮಾಡುತ್ತೇವೆ. ಇದ್ದಿಲಂತೂ ಇದರ ಕಣ್ಣಿಗೆ ಬೀಳುವುದೇ ಅಪರೂಪ. ಬೆಂಕಿ ಬಿದ್ದ ನೆಲದಲ್ಲಿ ಅರೆಬೆಂದ ಹುಲ್ಲು, ಕಡ್ಡಿಗಳ ಇದ್ದಿಲ ಪುಡಿ ಇರುತ್ತದೆ. ಅದು ಬೇಗ ಕೊಳೆಯದೆ ಬಹಳ ಕಾಲ ಉಳಿಯುವ ಇಂಗಾಲ. ಅದನ್ನು ಕಾಣದ ವಿಧಾನದಲ್ಲಿ ಸುಟ್ಟ ನೆಲದ ಲೆಕ್ಕ ಹಾಕಿದರೆ ಹೇಗೆ? ಅಷ್ಟೇ ಅಲ್ಲ. ನಾವು ಮಣ್ಣು ತೆಗೆಯುವುದು ಅರ್ಧ ಅಡಿ ಆಳದವರೆಗೆ, ವಿ ಆಕಾರದ ಗುಂಡಿ ಮಾಡಿ. ರಾಗಿ ಹೊಲಕ್ಕೆ ಅದು ಸಾಕು. ಕಾವಲಿನ ಹುಲ್ಲಿನ ಬೇರು ಅಲ್ಲಿಗೇ ನಿಲ್ಲುವುದಿಲ್ಲ, ಕುರುಚಲು ಮರದ ಬೇರಂತೂ ಕೇಳಲೇಬೇಡಿ. ಇನ್ನು ಬೇರನ್ನು ನಾನು ಮೊದಲೇ ಬುಟ್ಟಿಗೆ ಎಸೆದಾಗಿದೆ.

ಒಟ್ಟಿನಲ್ಲಿ ಬೇರು ಬಿಟ್ಟು, ಇದ್ದಿಲು ಬಿಟ್ಟು, ಆಳ ಬಿಟ್ಟು ಉಳಿದದ್ದನ್ನು 'ಮಣ್ಣಿನ ಇಂಗಾಲ' ಎಂದು ಬರೆಯುತ್ತೇವೆ. ಆಮೇಲೆ 'ಇಲ್ಲಿ ಏನೂ ಇಲ್ಲ, ಬಂಜರು' ಎಂದು ಷರಾ ಹಾಕುತ್ತೇವೆ.

ಬಂಜರು ಎಂಬ ಈ ಪದ ನನಗೆ ತೀರ ಬೇಸರ ತರಿಸುತ್ತದೆ. ನಮ್ಮೂರಿನ ಹೆಸರುಗಳನ್ನೇ ನೋಡಿ. ಕಾವಲ್ ಬೈರಸಂದ್ರ. ಜಾರಕಬಂಡೆ ಕಾವಲ್. ತುರಹಳ್ಳಿ ಹತ್ತಿರ ಬಿ.ಎಂ. ಕಾವಲ್, ಯು.ಎಂ. ಕಾವಲ್. ಕಾವಲ್ ಅಂದರೆ ದನಕರುಗಳಿಗೆಂದು ಕಾದಿಟ್ಟ ಹುಲ್ಲಿನ ಬಯಲು. ಮೈಸೂರು ಅರಸರು, ಟಿಪ್ಪು, ಎಲ್ಲರೂ ಅಮೃತ್ ಮಹಲ್ ದನಗಳಿಗೆ ಇಂಥ ಕಾವಲುಗಳನ್ನು ಇಟ್ಟಿದ್ದರು. ಕಾವಲು ಹಾಕಿ ಕಾಪಾಡಿದ್ದನ್ನು ಬಂಜರು ಅನ್ನುವುದು ಯಾವ ನ್ಯಾಯ? ಕಾವಲ್ ಬೈರಸಂದ್ರದಲ್ಲಿ ಈಗ ಹುಲ್ಲು ಹುಡುಕಲು ಹೋಗಬೇಡಿ, ಪಾರ್ಕಿಂಗೇ ಸಿಗುವುದಿಲ್ಲ.

ಉಳಿದಿರುವ ಒಂದು ದೊಡ್ಡ ಬಯಲು ಹೆಸರಘಟ್ಟದ್ದು. 1890ರ ದಶಕದಲ್ಲಿ ಬೆಂಗಳೂರಿಗೆ ನಲ್ಲಿ ನೀರು ಕೊಟ್ಟ ಅದೇ ಕೆರೆಯ ಸುತ್ತಲ ನೆಲ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅಲ್ಲಿಯ ಐದು ಸಾವಿರ ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಒಳ್ಳೆಯ ಕೆಲಸ, ಕೈಮುಗಿಯುತ್ತೇನೆ. ಈಗ ನನ್ನ ಭಯ ಬೇರೆ. ಮೀಸಲು ಆಯಿತು ಅಂದಕೂಡಲೇ 'ಅಭಿವೃದ್ಧಿ' ಎಂದು ಸಸಿ ಹೊತ್ತ ಲಾರಿಗಳು ಸಾಲು ನಿಲ್ಲಬಾರದು. ಚಳಿಗಾಲದಲ್ಲಿ ಅಲ್ಲಿಗೆ 'ಸೆಳೆವ' (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ದೂರದ ದೇಶಗಳಿಂದ ಬಂದು ಹುಲ್ಲಿನ ಮೇಲೆ ತೇಲುತ್ತಾ ಬೇಟೆ ಹುಡುಕುತ್ತವೆ. ಅವು ರಾತ್ರಿ ತಂಗುವುದೂ ಹುಲ್ಲಿನಲ್ಲೇ, ನೆಲದ ಮೇಲೆ. ಅವಕ್ಕೆ ನೀಲಗಿರಿ ತೋಪು ಬೇಕಾಗಿಲ್ಲ.

ಇನ್ನೊಂದು ವಿಷಯ ನಿಮ್ಮ ಇಲಾಖೆಯ ಗಮನಕ್ಕೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಮಹೇಶ್ ಶಂಕರನ್ ಮತ್ತು ಸಂಗಡಿಗರು ಆಫ್ರಿಕಾದ ಸವನ್ನಾಗಳ ಬಗ್ಗೆ 2005ರಲ್ಲಿ ಬರೆದದ್ದು ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ವರ್ಷಕ್ಕೆ ಸುಮಾರು 650 ಮಿಲಿಮೀಟರ್‌ಗಿಂತ ಕಡಿಮೆ ಮಳೆ ಇದ್ದರೆ ಮಳೆಯ ಕೊರತೆಯೇ ಮರಗಳು ದಟ್ಟವಾಗದ ಹಾಗೆ ಹಿಡಿದಿಡುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ, ಬಯಲು ಬಯಲಾಗಿ ಉಳಿಯಲು ಬೆಂಕಿಯೋ ಮೇಯುವ ಪ್ರಾಣಿಯೋ ಬೇಕು. ಆಫ್ರಿಕಾದ ಅಂಕಿಯನ್ನು ತಂದು ಇಲ್ಲಿ ಹಾಗೇ ಅಂಟಿಸುವುದು ತಪ್ಪು. ಆದರೂ ಯೋಚಿಸಿ. ಚಳ್ಳಕೆರೆ ಕಡೆಯ ಕಾವಲುಗಳಿಗೆ ಮಳೆಯೇ ಕಡಿಮೆ. ಬೆಂಗಳೂರಿಗೆ ಬೀಳುವುದು 900 ಮಿಲಿಮೀಟರ್‌ಗೂ ಜಾಸ್ತಿ. ಇಲ್ಲಿಯ ಬಯಲಿಗೆ ಬೆಂಕಿಯೂ ಬೇಡ, ಕುರಿಯೂ ಬೇಡ ಎಂದು ಬೇಲಿ ಹಾಕಿ ಕೂತರೆ ನಾಳೆ ಅಲ್ಲಿ ಲಂಟಾನವೇ ಮೀಸಲು ಪಡೆಯುತ್ತದೆ.

ಲಂಟಾನದ ಪಾಠ ನಾವು ಬಿಳಿಗಿರಿರಂಗನ ಬೆಟ್ಟದಲ್ಲಿ ಕಲಿತಾಗಿದೆ, ಅಥವಾ ಕಲಿಯಬೇಕಿತ್ತು. ಸೋಲಿಗರು ಅಲ್ಲಿ 'ತರಗು ಬೆಂಕಿ' ಇಡುತ್ತಿದ್ದರು. ಹೆಸರೇ ಹೇಳುತ್ತದೆ, ತರಗೆಲೆ ಸುಡುವಷ್ಟು ಮಾತ್ರ ಬೆಂಕಿ. ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ಇಬ್ಬನಿಯ ಪಸೆ ಇರುವಾಗ. ಅದು ಮೊಣಕಾಲೆತ್ತರ ಏಳದೆ ತಾನೇ ಆರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಮೀಸಲು. ತರಗು ಬೆಂಕಿ ನಿಂತಿತು. ಲಂಟಾನ ಹಬ್ಬಿತು. ಬೆಂಕಿ ನಿಂತದ್ದರಿಂದಲೇ ಹಬ್ಬಿತು ಎಂದು ಸೋಲಿಗರು ಹೇಳುತ್ತಾರೆ. ನೆಲ್ಲಿ ಮರಕ್ಕೆ ಬದನಿಕೆ ಎಂಬ ಪರಾವಲಂಬಿ ಗಿಡ ಜಾಸ್ತಿಯಾದದ್ದಕ್ಕೂ ಅವರು ಕೊಡುವ ಕಾರಣ ಇದೇ. ವಿಜ್ಞಾನಿಗಳು ಅವರ ಮಾತನ್ನು ಗಂಭೀರವಾಗಿ ತಗೊಂಡು ಅಧ್ಯಯನ ಮಾಡಿದ್ದಾರೆ. ಈಗ ಬೆಂಕಿ ಬಿದ್ದರೆ ಅದು ತರಗು ಬೆಂಕಿ ಅಲ್ಲ, ಆಳೆತ್ತರದ ಲಂಟಾನ ಹತ್ತಿಕೊಂಡು ಮರದ ನೆತ್ತಿಗೆ ಏರುವ ಬೆಂಕಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ನಾವೆಲ್ಲಾ ಟಿವಿಯಲ್ಲಿ ನೋಡಿದೆವು.

ಬೆಂಕಿಯ ಹೊತ್ತು ಗೊತ್ತು ಮಾಡಿದವರಿಗೆ ಆಸ್ಟ್ರೇಲಿಯಾದಲ್ಲಿ ದುಡ್ಡು ಕೊಡುತ್ತಾರೆ. ಉತ್ತರ ಆಸ್ಟ್ರೇಲಿಯಾದ ಅರ್ನ್‌ಹೆಮ್ ಲ್ಯಾಂಡ್‌ನಲ್ಲಿ 2006ರಿಂದ ಮೂಲನಿವಾಸಿಗಳೇ ಮಳೆಯಿಲ್ಲದ ಒಣಗಾಲದ ಆರಂಭದಲ್ಲಿ ತಣ್ಣನೆಯ ಬೆಂಕಿ ಇಟ್ಟು, ಒಣಗಾಲದ ಕೊನೆಯ ದೊಡ್ಡ ಬೆಂಕಿ ತಪ್ಪಿಸುತ್ತಾರೆ. ಅದರಿಂದ ಗಾಳಿಗೆ ಹೋಗದೆ ತಪ್ಪುವ ಹೊಗೆಯ ಅನಿಲಗಳ ಲೆಕ್ಕಕ್ಕೆ, ಮಾರಬಹುದಾದ ಕಾರ್ಬನ್ ಕ್ರೆಡಿಟ್. ನಮ್ಮ ಸೋಲಿಗರ ಮೇಲೆ ಅದೇ ಕೆಲಸಕ್ಕೆ ಕೇಸು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ, ಇಲ್ಲದಿದ್ದರೆ ನಾಳೆ ನನ್ನ ಪತ್ರ ತೋರಿಸಿ ಯಾರಾದರೂ ಬೆಂಕಿಕಡ್ಡಿ ಗೀರುತ್ತಾರೆ. ಟ್ರೆಕ್ಕಿಂಗ್ ಹೋದವರು ಎಸೆಯುವ ಬೀಡಿ-ಸಿಗರೇಟು, ಕಸದ ರಾಶಿಗೆ ಇಡುವ ಬೆಂಕಿ, ಮಾರ್ಚ್-ಏಪ್ರಿಲ್‌ನ ಮಟಮಟ ಮಧ್ಯಾಹ್ನ ಗಾಳಿಗೆ ಬಿಟ್ಟ ಬೆಂಕಿ, ಇವು ಯಾವುದೂ ತರಗು ಬೆಂಕಿ ಅಲ್ಲ. ಅನುಮತಿ ಇಲ್ಲದೆ ಕಾಡಿಗೆ ಬೆಂಕಿ ಇಡುವುದು ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಅಪರಾಧ. ಅದು ಹಾಗೇ ಇರಲಿ. ಬೇಸಿಗೆಯಲ್ಲಿ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವ ನಿಮ್ಮ ದಿನಗೂಲಿ ಕಾವಲುಗಾರರ ಕಷ್ಟ ನನಗೆ ಗೊತ್ತು. ಅವರ ಕಾಲಿಗೆ ಒಳ್ಳೆಯ ಬೂಟು ಕೊಡಿ ಎಂಬುದೂ ಈ ಪತ್ರದ ಬೇಡಿಕೆಯೇ.

ಈಗ ಗಿಡದ ಲೆಕ್ಕ. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ, ಗಿಡ ನೆಡುವಂಥ ಪರಿಸರದ ಕೆಲಸಕ್ಕೆ ಅಂಕ ಕೊಡುವ ಗ್ರೀನ್ ಕ್ರೆಡಿಟ್ ನಿಯಮ ತಂದಿತು. 2024ರಲ್ಲಿ ಹೊರಟ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಮರ ಎಂದಿತ್ತು. ಒಂದು ಎಕರೆಗೆ ನಾಲ್ಕು ನೂರಕ್ಕೂ ಹೆಚ್ಚು ಗುಂಡಿ! ಗುಂಡಿ ತೋಡಿದಾಗ ಮಣ್ಣಿನ ಹರಳು ಒಡೆಯುತ್ತದೆ. ಒಳಗೆ ಬಚ್ಚಿಟ್ಟುಕೊಂಡಿದ್ದ ಇಂಗಾಲಕ್ಕೆ ಗಾಳಿ ತಾಗುತ್ತದೆ. ಸೂಕ್ಷ್ಮಜೀವಿಗಳಿಗೆ ಊಟ ಸಿಕ್ಕ ಹಾಗೆ. ತಿಂದು ಉಸಿರು ಬಿಡುತ್ತವೆ, ಇಂಗಾಲ ಹೊಗೆ ಇಲ್ಲದೆ ಗಾಳಿಗೆ ಹೋಗುತ್ತದೆ. ಬೆಂಕಿ ಕಾಣುತ್ತದೆ, ಇದು ಕಾಣುವುದಿಲ್ಲ, ವ್ಯತ್ಯಾಸ ಅಷ್ಟೇ. ಹಳೆಯ ಹುಲ್ಲುಗಾವಲನ್ನು ಒಮ್ಮೆ ಕಿತ್ತರೆ ಮತ್ತೆ ಅದೇ ಹುಲ್ಲು, ಅದೇ ಗೆಡ್ಡೆ-ಗಿಡಗಳು ಕೂಡಿ ಬರಲು ದಶಕಗಳು ಸಾಲದೇ ಇರಬಹುದು. ನೆಟ್ಟ ಮೂರು ವರ್ಷಕ್ಕೆ ಗಿಡ ಒಣಗಿದರೆ ಎರಡೂ ಹೋದವು.

ಹಾಗಂತ ಗಿಡ ನೆಡಲೇಬೇಡಿ ಅನ್ನುತ್ತಿಲ್ಲ. ನಮ್ಮ ರಸ್ತೆ ಬದಿ ನೆಡಿ, ಶಾಲೆಯಲ್ಲಿ ನೆಡಿ, ಕಡಿದ ತೋಪುಗಳಲ್ಲಿ ನೆಡಿ. ಜೆಸಿಬಿ ಕಾವಲಿನೊಳಗೆ ಬರುವುದು ಬೇಡ. ಬೆಂಕಿ ಬಿದ್ದ ಬಯಲಿಗೆ ಸಸಿ ಹೊತ್ತುಕೊಂಡು ಹೋಗುವ ಮೊದಲು ಒಂದು ಪೂರ್ತಿ ಮಳೆಗಾಲ ಕಾಯುವ ನಿಯಮ ಮಾಡಿ. ಆ ಮಳೆಗಾಲದಲ್ಲಿ ಹುಲ್ಲು ತಾನೇ ಎದ್ದರೆ ಅಲ್ಲಿ ನಿಮ್ಮ ಕೆಲಸ ಇಲ್ಲ. ಸಿಎಸ್‌ಆರ್‌ನವರೇ, ಅದೇ ದುಡ್ಡಲ್ಲಿ ಲಂಟಾನ ಕೀಳಿಸಿ, ಫೈರ್ ಲೈನ್, ಅಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ, ಮಾಡಿಸಿ. ಫೋಟೋಗೆ ಚೆನ್ನಾಗಿ ಕಾಣುವುದಿಲ್ಲ, ಗೊತ್ತು. ಇಂಗಾಲ ಉಳಿಸಿದೆವು ಎಂದು ವರದಿ ಬರೆಯುವುದಾದರೆ ನೆಡುವ ಮುಂಚೆ ಒಂದು ಸಲ, ಐದು ವರ್ಷದ ಮೇಲೆ ಒಂದು ಸಲ, ಒಂದು ಮೀಟರ್ ಆಳದವರೆಗೆ ಮಣ್ಣು ತೆಗೆಸಿ, ಬೇರನ್ನು ತೊಳೆದು ಬೇರೆ ತೂಗಿಸಿ. ಬುಟ್ಟಿಗೆ ಎಸೆಯಬೇಡಿ.

ಅಧಿಕಾರಿಗಳಲ್ಲಿ ನನ್ನ ದೊಡ್ಡ ಕೋರಿಕೆ ಒಂದಿದೆ. ನಗರದ ಸುತ್ತಲ ಕಾವಲುಗಳಲ್ಲಿ ಒಂದರಲ್ಲಿ ಒಂದಷ್ಟು ತಾಕು ಗುರುತು ಮಾಡಿ. ಕೆಲವಕ್ಕೆ ಬೆಂಕಿಯೇ ಬೇಡ. ಕೆಲವಕ್ಕೆ ಮೂರು ವರ್ಷಕ್ಕೊಮ್ಮೆ, ಜನವರಿಯ ಇಬ್ಬನಿಯಲ್ಲಿ. ಕೆಲವನ್ನು ಕುರಿಗಳಿಗೆ ಬಿಡಿ. ಕಲ್ಲು ನೆಟ್ಟು ನಂಬರ್ ಹಾಕಿ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯ, ಐಐಎಸ್‌ಸಿ, ಎನ್‌ಸಿಬಿಎಸ್, ಪರಿಸರ ಸಂಶೋಧನೆಯ ಏಟ್ರೀ, ಎಲ್ಲಾ ಇದೇ ಊರಿನಲ್ಲಿವೆ. ಮುದುಮಲೈಯಲ್ಲಿ ಐಐಎಸ್‌ಸಿಯವರು 1988ರಲ್ಲಿ ಗುರುತು ಮಾಡಿದ 50 ಹೆಕ್ಟೇರ್ ತಾಕಿನಲ್ಲಿ ಮರಗಳಿಗೆ ನಂಬರ್ ಹಾಕಿ ಇಷ್ಟು ವರ್ಷ ಲೆಕ್ಕ ಇಟ್ಟಿದ್ದಾರೆ ಎಂದ ಮೇಲೆ ಇದು ನಮ್ಮಿಂದ ಆಗದ ಕೆಲಸವೇನಲ್ಲ. ಜೊತೆಗೆ ಸೋಲಿಗರ ಹಿರಿಯರಲ್ಲಿ ಒಬ್ಬಿಬ್ಬರನ್ನು ಕರೆಸಿ, ಸಂಬಳ ಕೊಟ್ಟು, ಕುರ್ಚಿ ಹಾಕಿ ಕೂರಿಸಿ ಕೇಳಿ.

ಮಣ್ಣು ಒಣಗಿಸಲು, ಜರಡಿ ಹಿಡಿಯಲು ಒಬ್ಬರು ಬೇಕಾಗುತ್ತಾರೆ. ಪೆನ್ಷನ್ ಬರುತ್ತಿದೆ, ಸಂಬಳ ಬೇಡ. ಬಸ್ ಪಾಸ್ ಕೊಟ್ಟರೆ ಸಾಕು. ಕೈಗುದ್ದಲಿ ನನ್ನದೇ ಇದೆ.

ಇಂತಿ,
ಒಬ್ಬ ನಿವೃತ್ತ ಲ್ಯಾಬ್ ಸಹಾಯಕ
ಯಲಹಂಕ, ಬೆಂಗಳೂರು